ಬರ್ಗರ್ ಜೊತೆ ನೆಂಚಿಕೊಳ್ಳಲು ಏನಿರಬೇಕು: ಬೇಸಗೆಯ ಹೊರಾಂಗಣದ ಊಟಕ್ಕೆ ಸಿದ್ಧತೆ

ಹೊರಾಂಗಣದಲ್ಲಿ ಗ್ರಿಲ್ ಹಚ್ಚಿ ಹತ್ತು ಜನರಿಗೆ ಬರ್ಗರ್ ಮಾಡಿಕೊಡಲು ಹೊರಟವರು ಸಾಮಾನ್ಯವಾಗಿ ಪ್ಯಾಟಿಯ (ಬನ್ ನಡುವೆ ಇಡುವ ಮಾಂಸದ ಬಿಲ್ಲೆಯ) ಬಗ್ಗೆಯೇ ತಲೆ ಕೆಡಿಸಿಕೊಂಡು, ಅದರ ಜೊತೆಗೆ ನೆಂಚಿಕೊಳ್ಳಲು ಏನಿಡಬೇಕೆಂಬುದನ್ನು ಕೊನೆಯ ಗಳಿಗೆಗೆ ಬಿಡುತ್ತಾರೆ. ಆದರೆ ಪ್ಯಾಟಿ ಬೇಯುವುದು 8–10 ನಿಮಿಷಗಳ ಕೆಲಸ, ಬೆಂದ ಕೂಡಲೇ ಅದನ್ನು ತಿನ್ನಬೇಕು. ಆ ಹೊತ್ತಿನಲ್ಲಿ ಅಡುಗೆ ಮಾಡುವವರ ಎರಡೂ ಕೈಗಳು ಗ್ರಿಲ್‌ಗೆ ಮೀಸಲಾಗಿರುವುದರಿಂದ ಉಳಿದ ತಿನಿಸುಗಳೆಲ್ಲ ಕೆಂಡ ಹೊತ್ತಿಸುವ ಮೊದಲೇ ಸಿದ್ಧವಾಗಿರಬೇಕು. ಇನ್ನು ರುಚಿಯ ಮಾತು. ಬರ್ಗರ್ ಎಂದರೆ ಮೆತ್ತನೆಯ ಬನ್, ಜಿಡ್ಡಿರುವ ಮಾಂಸ, ಕರಗಿದ ಚೀಸ್. ಹೀಗಿರುವಾಗ ಪಕ್ಕದ ತಿನಿಸುಗಳಲ್ಲಿ ಹುಳಿ, ತಂಪು ಮತ್ತು ಕರುಂಕುರುಂ ಎನ್ನುವ ಗುಣ ಇದ್ದರೆ ಮಾತ್ರ ನಾಲಿಗೆ ಮುಂದಿನ ತುತ್ತಿಗೆ ಸಿದ್ಧವಾಗುತ್ತದೆ.

ಈ ಅಳತೆಗೋಲಿನಲ್ಲಿ ಎಲ್ಲರಿಗೂ ಮೊದಲು ನೆನಪಾಗುವ ಫ್ರೆಂಚ್ ಫ್ರೈಸ್ ಸೋಲುತ್ತದೆ ಎಂಬುದು ನನ್ನ ಅಭಿಪ್ರಾಯ. ಅದನ್ನು ಚೆನ್ನಾಗಿ ಮಾಡಬೇಕೆಂದರೆ ಮೊದಲು 160 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ, ಆಮೇಲೆ 190 ಡಿಗ್ರಿಯಲ್ಲಿ, ಹೀಗೆ ಎರಡು ಸಲ ಕರಿಯಬೇಕು, ಕರಿದ ಹತ್ತೇ ನಿಮಿಷಕ್ಕೆ ಅದು ಮೆತ್ತಗಾಗಿಬಿಡುತ್ತದೆ. ಮಕ್ಕಳು ಓಡಾಡುವ ಜಾಗದಲ್ಲಿ ಕಾದ ಎಣ್ಣೆಯ ಬಾಣಲೆಯನ್ನು ಇಡುವುದೂ ಜಾಣತನವಲ್ಲ. ಆಲೂಗೆಡ್ಡೆ ಬೇಕೇ ಬೇಕೆನ್ನುವವರಿಗೆ ಸಲಾಡ್ ಇದೆ.

ಕೋಲ್‌ಸ್ಲಾ, ಅಂದರೆ ಹಸಿ ಎಲೆಕೋಸಿನ ಸಲಾಡ್, ಇಲ್ಲದ ಬರ್ಗರ್ ಊಟ ನನಗೆ ಅರ್ಧ ಊಟ. ಬಹುತೇಕರ ಕೋಲ್‌ಸ್ಲಾ ಕೆಡುವುದು ಒಂದೇ ಕಾರಣಕ್ಕೆ: ಹೆಚ್ಚಿದ ಎಲೆಕೋಸಿಗೆ ನೇರವಾಗಿ ಮೇಯನೇಸ್ ಕಲಸಿಡುತ್ತಾರೆ, ಅದರಲ್ಲಿರುವ ಉಪ್ಪು ಕೋಸಿನ ನೀರನ್ನು ಎಳೆಯುತ್ತದೆ, ಒಂದು ಗಂಟೆಯೊಳಗೆ ಬಟ್ಟಲಿನ ತಳದಲ್ಲಿ ಬಿಳಿಯ ತಿಳಿ ನಿಲ್ಲುತ್ತದೆ. ಆ ನೀರನ್ನು ಮೊದಲೇ ತೆಗೆದುಬಿಡುವುದು ಇದಕ್ಕಿರುವ ಉಪಾಯ. ಒಂದು ಕಿಲೋ ಎಲೆಕೋಸನ್ನು ಎಳೆ ಎಳೆಯಾಗಿ ಹೆಚ್ಚಿ, ಎರಡು ಚಿಕ್ಕ ಚಮಚ ಉಪ್ಪು ಹಾಕಿ ಕೈಯಿಂದ ಮೃದುವಾಗಿ ಹಿಸುಕಿ, ಜರಡಿಯಲ್ಲಿ ಒಂದು ಗಂಟೆ ಬಿಡಿ. ಆಮೇಲೆ ಒಂದೊಂದೇ ಮುಷ್ಟಿ ತೆಗೆದುಕೊಂಡು ಹಿಂಡಿದರೆ ಬೆರಳ ಸಂದುಗಳಿಂದ ನೀರು ಧಾರೆಯಾಗಿ ಇಳಿಯುವುದು ಕಾಣುತ್ತದೆ. ಎಳೆಗಳು ಬಾಗುತ್ತವೆ, ಆದರೆ ಕಚ್ಚಿದರೆ ಇನ್ನೂ ಕುರುಂ ಎನ್ನುತ್ತವೆ. ಒಂದು ಎಳೆಯನ್ನು ಬಾಯಿಗೆ ಹಾಕಿ ನೋಡಿ, ಉಪ್ಪು ಹೆಚ್ಚೆನಿಸಿದರೆ ತಣ್ಣೀರಿನಲ್ಲಿ ಒಮ್ಮೆ ಜಾಲಿಸಿ ಮತ್ತೆ ಹಿಂಡಿ. ಇದಕ್ಕೆ ತುರಿದ ಎರಡು ಕ್ಯಾರೆಟ್, ಸುಮಾರು 150 ಗ್ರಾಂ ಮೇಯನೇಸ್, ಎರಡು ದೊಡ್ಡ ಚಮಚ ವಿನೆಗರ್, ಒಂದು ದೊಡ್ಡ ಚಮಚ ಸಕ್ಕರೆ, ಸ್ವಲ್ಪ ಸಾಸಿವೆ ಪೇಸ್ಟ್ ಮತ್ತು ಕಾಳುಮೆಣಸಿನ ಪುಡಿ ಸೇರಿಸಿದರೆ ಎಂಟರಿಂದ ಹತ್ತು ಜನರಿಗೆ ಸಾಕು. ಬೇರೆಯಾಗಿ ಉಪ್ಪು ಹಾಕಬೇಡಿ. ಇದನ್ನು ಬೆಳಗ್ಗೆಯೇ ಮಾಡಿ ಫ್ರಿಜ್‌ನಲ್ಲಿಟ್ಟರೂ ಸಂಜೆಯವರೆಗೆ ನೀರು ಬಿಡುವುದು ತೀರ ಕಡಿಮೆ.

ಆಲೂಗೆಡ್ಡೆ ಸಲಾಡ್‌ಗೆ ಬೆಂದ ಮೇಲೂ ಆಕಾರ ಉಳಿಸಿಕೊಳ್ಳುವ ಜಾತಿಯ ಗೆಡ್ಡೆಯನ್ನು ಆರಿಸಿ, ಹಿಟ್ಟು ಹಿಟ್ಟಾಗಿ ಒಡೆಯುವ ಗೆಡ್ಡೆ ಇದಕ್ಕೆ ಹೊಂದುವುದಿಲ್ಲ. ಹೋಳುಗಳನ್ನು ಕುದಿಯುವ ನೀರಿಗೆ ಹಾಕುವ ಬದಲು ಉಪ್ಪು ಬೆರೆಸಿದ ತಣ್ಣೀರಿನಲ್ಲಿಯೇ ಒಲೆಗೇರಿಸಬೇಕು, ಇಲ್ಲದಿದ್ದರೆ ಒಳಗೆ ಬೇಯುವಷ್ಟರಲ್ಲಿ ಹೊರಮೈ ಕರಗಿರುತ್ತದೆ. ಲೀಟರಿಗೆ ಒಂದು ದೊಡ್ಡ ಚಮಚದಂತೆ ವಿನೆಗರ್ ಹಾಕಿದರೆ ಹೋಳುಗಳ ಅಂಚು ಗಟ್ಟಿಯಾಗಿ ನಿಲ್ಲುತ್ತದೆ. ನೀರು ಬಸಿದ ತಕ್ಷಣ, ಹಬೆಯಾಡುತ್ತಿರುವಾಗಲೇ ಇನ್ನೆರಡು ಚಮಚ ವಿನೆಗರ್ ಚಿಮುಕಿಸಬೇಕು, ಏಕೆಂದರೆ ಬಿಸಿಯಾದ ಆಲೂಗೆಡ್ಡೆ ಹುಳಿಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ, ಆರಿದ ಮೇಲೆ ಹಾಕಿದ್ದು ಮೇಲ್ಮೈಯಲ್ಲೇ ಉಳಿಯುತ್ತದೆ. ಮೇಯನೇಸ್ ಮಾತ್ರ ಪೂರ್ತಿ ಆರಿದ ಮೇಲೆಯೇ, ಬಿಸಿಗೆ ಹಾಕಿದರೆ ಅದು ಒಡೆದು ಎಣ್ಣೆ ಬಿಡುತ್ತದೆ. ನಾನು ಒಮ್ಮೆ ಅವಸರಕ್ಕೆ ಬಿದ್ದು ಬಿಸಿಯಲ್ಲೇ ಕಲಸಿ, ಎಣ್ಣೆಯಲ್ಲಿ ತೇಲುವ ಮುದ್ದೆಯನ್ನು ಹನ್ನೆರಡು ಜನರ ಮುಂದಿಟ್ಟಿದ್ದೇನೆ. ಸಣ್ಣಗೆ ಹೆಚ್ಚಿದ ಸೆಲರಿ ಅಥವಾ ಹಸಿ ಈರುಳ್ಳಿ ಸೇರಿದರೆ ಮೆತ್ತನೆಯ ನಡುವೆ ಹಲ್ಲಿಗೆ ಏನಾದರೂ ಸಿಗುತ್ತದೆ.

ಗ್ರಿಲ್ ಮೇಲೆ ಪ್ಯಾಟಿಯ ಜೊತೆಗೆ ಜಾಗ ಹಂಚಿಕೊಳ್ಳಲು ಯೋಗ್ಯವಾದದ್ದು ಒಂದೇ, ಮುಸುಕಿನ ಜೋಳ. ತೆನೆಗಳನ್ನು ಸಿಪ್ಪೆ ಸಮೇತ ಅರ್ಧ ಗಂಟೆ ನೀರಿನಲ್ಲಿ ನೆನೆಸಿ, ಪ್ಯಾಟಿ ಇಡುವ ಮೊದಲೇ ಕೆಂಡದ ಮೇಲಿಟ್ಟು ಆಗಾಗ ಹೊರಳಿಸುತ್ತಾ 15–20 ನಿಮಿಷ ಬೇಯಿಸಬೇಕು. ಹೊರಗಿನ ಸಿಪ್ಪೆ ಕಪ್ಪಾಗಿ ಸುಟ್ಟರೂ ಗಾಬರಿಯಾಗಬೇಕಿಲ್ಲ, ಒಳಗೆ ಕಾಳು ತನ್ನದೇ ಹಬೆಯಲ್ಲಿ ಬೇಯುತ್ತಿರುತ್ತದೆ. ಸಿಪ್ಪೆ ಬಿಡಿಸದೆ ಗ್ರಿಲ್‌ನ ಅಂಚಿಗೆ ಸರಿಸಿಟ್ಟರೆ ಬರ್ಗರ್ ಆಗುವವರೆಗೂ ಬಿಸಿಯಾಗಿರುತ್ತದೆ. ಬೆಣ್ಣೆಗೆ ನಿಂಬೆರಸ, ಉಪ್ಪು ಮತ್ತು ಖಾರದ ಪುಡಿ ಕಲಸಿಟ್ಟುಕೊಂಡರೆ ಸವರಿಕೊಳ್ಳುವುದನ್ನು ಅವರವರಿಗೇ ಬಿಡಬಹುದು.

ಟೊಮೇಟೊ ಸಾಸ್‌ನಲ್ಲಿ ಬೆಂದ ಬೀನ್ಸ್ ಮಾಡುವವರು ಕಾಳು ಪೂರ್ತಿ ಮೆತ್ತಗಾದ ಮೇಲೆಯೇ ಟೊಮೇಟೊ ಮತ್ತು ವಿನೆಗರ್ ಸೇರಿಸಬೇಕು, ಹುಳಿ ಮೊದಲೇ ಬಿದ್ದರೆ ಕಾಳು ಮೆತ್ತಗಾಗಲು ತುಂಬಾ ಹೊತ್ತು ಹಿಡಿಯುತ್ತದೆ. ರಾಜ್ಮಾ ಬಳಸುವುದಾದರೆ ರಾತ್ರಿ ನೆನೆಸಿದ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಅರ್ಧ ಗಂಟೆ ಚೆನ್ನಾಗಿ ಕುದಿಸಲೇಬೇಕು. ಹಸಿ ರಾಜ್ಮಾದಲ್ಲಿ ವಾಂತಿ, ಹೊಟ್ಟೆನೋವು ತರುವ ಲೆಕ್ಟಿನ್ ಎಂಬ ಪ್ರೋಟೀನ್ ಇರುತ್ತದೆ, ಸಣ್ಣ ಉರಿಯಲ್ಲಿ ಕುದಿಯದೆ ಬೆಂದರೆ ಅದು ನಾಶವಾಗುವುದಿಲ್ಲ.

ಕಲ್ಲಂಗಡಿ ಸಲಾಡ್‌ಗೆ ಹೇಳುವುದು ಹೆಚ್ಚಿಲ್ಲ: ತಣ್ಣಗಿನ ಹೋಳು, ಪುದೀನ, ನಿಂಬೆರಸ, ಮೇಲೆ ಪುಡಿ ಮಾಡಿದ ಫೆಟಾ ಚೀಸ್. ಉಪ್ಪನ್ನು ಬಡಿಸುವಾಗ ಮಾತ್ರ ಹಾಕಬೇಕು. ಒಂದು ಬಟ್ಟಲು ಹುಳಿ ಈರುಳ್ಳಿಯನ್ನಂತೂ ಮರೆಯಬೇಡಿ, ಅದನ್ನು ಬರ್ಗರ್ ಒಳಗೂ ಇಡಬಹುದು, ಹೊರಗೂ ನೆಂಚಿಕೊಳ್ಳಬಹುದು. ತೆಳುವಾಗಿ ಹೆಚ್ಚಿದ ಈರುಳ್ಳಿಯ ಮೇಲೆ ಸಮ ಪ್ರಮಾಣದ ವಿನೆಗರ್ ಮತ್ತು ನೀರನ್ನು ಸ್ವಲ್ಪ ಸಕ್ಕರೆ, ಉಪ್ಪಿನೊಡನೆ ಕುದಿಸಿ ಸುರಿದರೆ ಅರ್ಧ ಗಂಟೆಯಲ್ಲಿ ಸಿದ್ಧ.

ಇವೆಲ್ಲವನ್ನೂ ಒಂದೇ ದಿನ ಮಾಡಲು ಹೋಗಬೇಡಿ, ಮೂರು ಬಗೆ ಸಾಕು. ಮೂರಿದ್ದಾಗ ತಲೆಗೆ ಪ್ರತಿಯೊಂದರಲ್ಲೂ 100–120 ಗ್ರಾಂ ಲೆಕ್ಕ ಹಿಡಿದರೆ ಕೊರತೆಯಾಗದು.

ಬಿಸಿಲಿನಲ್ಲಿ ಊಟ ಸಾಗುವಾಗ ತಣ್ಣನೆಯ ತಿನಿಸುಗಳ ಬಟ್ಟಲನ್ನು ಮಂಜುಗಡ್ಡೆ ತುಂಬಿದ ಅಗಲ ತಟ್ಟೆಯಲ್ಲಿ ಇಡಬೇಕು. ಆಹಾರ ಕೆಡಿಸುವ ಬ್ಯಾಕ್ಟೀರಿಯಾಗಳು 4 ಡಿಗ್ರಿಯಿಂದ 60 ಡಿಗ್ರಿಯವರೆಗಿನ ಶಾಖದಲ್ಲಿ ಬೇಗ ಬೆಳೆಯುವುದರಿಂದ, ಹಾಗೆ ತಂಪು ಮಾಡದೆ ಹೊರಗಿಟ್ಟ ಸಲಾಡನ್ನು ಎರಡು ಗಂಟೆಯ ನಂತರ, ಹೊರಗಿನ ತಾಪ 32 ಡಿಗ್ರಿ ಮೀರಿದ್ದರೆ ಒಂದೇ ಗಂಟೆಯ ನಂತರ, ಚೆಲ್ಲಿಬಿಡಬೇಕು. ಎಲ್ಲರೂ ಮೇಯನೇಸ್ ಮೇಲೆ ತಪ್ಪು ಹೊರಿಸುತ್ತಾರೆ, ಆದರೆ ಅಂಗಡಿಯಲ್ಲಿ ಸಿಗುವ ಮೇಯನೇಸ್ ಸಾಕಷ್ಟು ಹುಳಿಯಿರುತ್ತದೆ. ಅಪಾಯ ಹೆಚ್ಚಿರುವುದು ಬೆಂದ ಆಲೂಗೆಡ್ಡೆ ಮತ್ತು ಅದನ್ನು ಮುಟ್ಟಿದ ಕೈಗಳಲ್ಲಿ, ಹಾಗೆಯೇ ಹಸಿ ಮೊಟ್ಟೆಯಿಂದ ಮನೆಯಲ್ಲಿ ಮಾಡಿದ ಮೇಯನೇಸ್‌ನಲ್ಲಿ. ಆದ್ದರಿಂದ ಚಿಕ್ಕ ಬಟ್ಟಲಿನಲ್ಲಿ ಸ್ವಲ್ಪ ಸ್ವಲ್ಪವೇ ಹೊರಗಿಟ್ಟು, ಉಳಿದದ್ದನ್ನು ಫ್ರಿಜ್‌ನಲ್ಲಿರಿಸಿ. ಅರ್ಧ ಖಾಲಿಯಾದ ಬಟ್ಟಲಿನ ಮೇಲೆ ಹೊಸದನ್ನು ಸುರಿಯದೆ, ಪ್ರತಿ ಸಲವೂ ಬಟ್ಟಲನ್ನೇ ಬದಲಿಸಿ.