ಮಗಳಿಗೆ ರೇವಕನಿಮ್ಮಡಿ ಅಂತ ಹೆಸರಿಟ್ಟ ಕಥೆ

ನಮ್ಮ ಕಲಬುರಗಿ ಕಡೆ ಉದ್ದ ಹೆಸರಿಗೆ ಯಾರೂ ಹೆದರೋದಿಲ್ಲ. ಶರಣಬಸಪ್ಪ, ರೇವಣಸಿದ್ದಪ್ಪ, ಬಸವರಾಜೇಶ್ವರಿ ಅಂತ ಕರೆದು ಕರೆದು ನಾಲಿಗೆ ಪಳಗಿದೆ. ಆದರೆ ಯಾರೂ ಕೇಳಿರದ ಹೆಸರು ಇಟ್ಟರೆ ಮಾತ್ರ ಮನೆಮಂದಿಯೆಲ್ಲ ಕೂತು ವಿಚಾರಣೆ ಮಾಡ್ತಾರೆ.

ಮಗಳು ಹುಟ್ಟಿದ್ದು 2024ರ ಜನವರಿಯಲ್ಲಿ, ಸ್ವಾತಿ ನಕ್ಷತ್ರ. ಅದಕ್ಕೆ ರು, ರೇ, ರೋ, ತ ಅಕ್ಷರಗಳು. ಎರಡನೇ ಪಾದ ಆದ್ದರಿಂದ ನಮಗೆ ಬಂದಿದ್ದು ರೇ. ನಮ್ಮತ್ತೆ ಕೂಡಲೇ ರೇಣುಕಾ ಅಂದರು. ನಮ್ಮ ಮನೆತನದಲ್ಲಿ ಆಗಲೇ ಮೂವರು ರೇಣುಕಾ ಇದ್ದಾರೆ, ಮದುವೆ ಮನೆಯಲ್ಲಿ ಒಂದು ಸಲ ಕರೆದರೆ ಮೂರೂ ಬಾಗಿಲಿಂದ "ಓ" ಅಂತಾರೆ.

ನಾನು ಹಿಂದೆ ಕೆಎಎಸ್ ಪರೀಕ್ಷೆಗೆ ಅಂತ ಓದಿದ್ದೆ. ಪರೀಕ್ಷೆ ಪಾಸಾಗಲಿಲ್ಲ, ಒಂದು ಹೆಸರು ಮಾತ್ರ ತಲೆಯಲ್ಲಿ ಉಳಿದಿತ್ತು: ರೇವಕನಿಮ್ಮಡಿ. ಮಾನ್ಯಖೇಟದ, ಅಂದರೆ ಸೇಡಂ ರಸ್ತೆಯಲ್ಲಿ ಸಿಗುವ ನಮ್ಮ ಮಳಖೇಡದ, ರಾಷ್ಟ್ರಕೂಟರ ಹುಡುಗಿ. ಮೂರನೇ ಅಮೋಘವರ್ಷನ ಮಗಳು, ಮೂರನೇ ಕೃಷ್ಣನ ಅಕ್ಕ. ಗಂಗರ ಇಮ್ಮಡಿ ಬೂತುಗನಿಗೆ ಕೊಟ್ಟರು, ಬಳುವಳಿಯಾಗಿ ಪುಲಿಗೆರೆ, ಬೆಳ್ವೊಲ ಇಂಥ ನಾಡುಗಳನ್ನೇ ಕಳಿಸಿದರು. ತಕ್ಕೋಲದ ಯುದ್ಧದಲ್ಲಿ, 949ರಲ್ಲಿ, ಚೋಳ ರಾಜಾದಿತ್ಯನನ್ನು ಕೊಂದ ಬೂತುಗ ಅಂದರೆ ಪುಸ್ತಕ ಓದಿದವರಿಗೆ ಗೊತ್ತಾಗ್ತದೆ. ಕಾಡುಹಂದಿ ಜೊತೆ ಕಾದಾಡಿ ಸತ್ತು ಆತಕೂರು ಶಾಸನದಲ್ಲಿ ಉಳಿದ ಕಾಳಿ ಅನ್ನೋ ನಾಯಿ ಸಹ ಗೊತ್ತು. ನಾಯಿಯ ಹೆಸರು ನೆನಪಿರೋರಿಗೆ ಈಕೆಯ ಹೆಸರು ನೆನಪಿಲ್ಲ ಅಂತ ನನಗೆ ಆಗಲೇ ಸಿಟ್ಟಿತ್ತು.

ಮನೆಯವರಿಗೆ ಹೇಳಿದೆ. "ಛಲೋ ಅದ, ಆದರ ನಿಮ್ಮತ್ತೀಗೆ ನೀನೇ ಹೇಳು" ಅಂದು ಜಾರಿಕೊಂಡರು.

ಅತ್ತೆ ಕೇಳಿದ್ದು ಒಂದೇ ಮಾತು: "ಏನವ್ವಾ, ಇದು ಕೂಸಿನ ಹೆಸರೋ ಊರಿನ ಹೆಸರೋ?"

ಎರಡು ದಿನ ನಾನೂ ಸುಮ್ನೆ ಇದ್ದೆ. ಆಮೇಲೆ ಹಿತ್ತಲ ಬಾಗಿಲಲ್ಲಿ ನಿಂತು ಪೂರ್ತಿ ಹೆಸರನ್ನು ಜೋರಾಗಿ ಹತ್ತು ಸಲ ಕೂಗಿ ನೋಡಿದೆ, ಪಕ್ಕದ ಮನೆಯವರು ಇಣುಕಿದರೂ ಬಿಡಲಿಲ್ಲ. ಮೂರನೇ ಸಲಕ್ಕೇ ಬಾಯಿ ತಾನಾಗಿ ರೇವಕ್ಕ ಅಂತ ಮೊಟಕು ಮಾಡಿತು. ಅತ್ತೆಗೆ ಹೇಳೋ ಮೊದಲೇ ಹೀಗೆ ಕೂಗಿ ನೋಡಬೇಕಿತ್ತು ಅಂತ ಈಗ ಅನಿಸ್ತದೆ. ಕರೆಯೋ ಹೆಸರನ್ನು ನಾವೇ ಇಡದಿದ್ದರೆ ಓಣಿಯವರು ಇಡ್ತಾರೆ, ಅದು ಪಿಂಕಿನೋ ಬೇಬಿನೋ ಆಗಿರ್ತದೆ. ರೇವಕ್ಕ ಅಂದ ಕೂಡಲೇ ಹಾಸಿಗೆಯಲ್ಲಿದ್ದ ಮುತ್ಯಾ ಎದ್ದು ಕೂತು, "ರೇವಗ್ಗಿ ರೇವಣಸಿದ್ದನ ಹೆಸರ ಇಟ್ಟೀರಿ, ಚಂದ ಆಯ್ತು ಬಿಡ್ರಿ" ಅಂದರು. ನಮ್ಮ ಕಡೆಯ ರೇವಗ್ಗಿ ಗುಡಿಯ ದೇವರ ಹೆಸರು ಅಂದುಕೊಂಡಿದ್ದರು, ನಾನು ತಿದ್ದಲಿಲ್ಲ. ಮುತ್ಯಾ ಒಪ್ಪಿದ ಮೇಲೆ ಅತ್ತೆ ಏನಂತಾರೆ?

ತೊಟ್ಟಿಲಿಗೆ ಹಾಕೋ ದಿನ ಹೆಸರು ಹೇಳಬೇಕಾದವಳು ಸೋದರತ್ತೆ, ಅಂದರೆ ನನ್ನ ನಾದಿನಿ. ಅಂಗೈ ಮೇಲೆ ಪೆನ್ನಿನಿಂದ ಬರೆದುಕೊಂಡು ಬಂದಿದ್ದಳು. ಕೂಸಿನ ಕಿವಿಯಲ್ಲಿ ಕುರ್ರ್ ಅಂದು "ರೇವಕ..." ಅನ್ನೋದರೊಳಗೆ ಹೆಣ್ಮಕ್ಕಳೆಲ್ಲ ಬೆನ್ನಿಗೆ ಗುದ್ದಿದರು, ಉಳಿದ ಅರ್ಧ ಹೆಸರು ನಗೆಯಲ್ಲೇ ಹೋಯಿತು.

ಕಾಗದಪತ್ರದಲ್ಲಿ ಮಾತ್ರ ನಗು ಬರಲಿಲ್ಲ. ಜನನ ನೋಂದಣಿ 21 ದಿನದೊಳಗೆ ಆಗಬೇಕು, ಆದರೆ ಹೆಸರಿಲ್ಲದೇ ಮಾಡಿಸಬಹುದು, ಹೆಸರು ಸೇರಿಸೋಕೆ ಒಂದು ವರ್ಷದವರೆಗೆ ಶುಲ್ಕ ಇಲ್ಲ. ಹಂಗಾಗಿ ಅವಸರ ಮಾಡದೇ ಹೋಗಿದ್ದೆವು. ಕಂಪ್ಯೂಟರ್ ಮುಂದೆ ಕೂತವರು ಮೊದಲು ಹೊಡೆದದ್ದು "ರೇವಕ ನೆಮ್ಮದಿ". ಹಿಂದೆ ಸರ್ಕಾರಿ ಪ್ರಮಾಣಪತ್ರ ಕೊಡ್ತಿದ್ದ ನೆಮ್ಮದಿ ಕೇಂದ್ರದ ಅಭ್ಯಾಸವೇನೋ! ತಿದ್ದಿದ ಮೇಲೆ "ರೇವಕ ನಿಮ್ಮಡಿ" ಆಯಿತು, ನಡುವೆ ಜಾಗ ಬಿಟ್ಟು, ಅಂದರೆ ನನ್ನ ಮಗಳಿಗೆ ನಿಮ್ಮಡಿ ಅಂತ ಅಡ್ಡಹೆಸರು. ಮೂರನೇ ಸಲ ನಾನೇ ಚೀಟಿ ಬರೆದು ಕೊಟ್ಟೆ: ಕನ್ನಡದಲ್ಲಿ ಒಂದೇ ಪದ, ಇಂಗ್ಲಿಷಿನಲ್ಲಿ ಬಿಡಿಸಿ ಹದಿಮೂರು ಅಕ್ಷರ, ಎಂ ಎರಡು. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆಯಿಂದ ಪಾಸ್‌ಪೋರ್ಟ್‌ವರೆಗೆ ಇದೇ ಪ್ರಮಾಣಪತ್ರ ಆಧಾರ, ಹಂಗಾಗಿ ಪ್ರಿಂಟ್ ತೆಗೆಯೋ ಮೊದಲು ಪರದೆ ಮೇಲೆ ನೋಡೇ ನೋಡಿದೆ. ಅವರಿಗೆ ಬೇಸರ ಆಯಿತು, ಆಗಲಿ.

ಈಗ ಆಕೆಗೆ ಎರಡು ವರ್ಷ. ಹೆಸರೇನು ಅಂತ ಯಾರು ಕೇಳಿದರೂ ಕೊನೆಯ ಎರಡೇ ಅಕ್ಷರ ಹೇಳ್ತಾಳೆ. ಮೊನ್ನೆ ಅಂಗಳದಲ್ಲಿ ಮೈತುಂಬ ಕೆಸರು ಮಾಡಿಕೊಂಡು ಸೀದಾ ಅತ್ತೆಯ ದೇವರ ಕೋಣೆಗೆ ನುಗ್ಗಿ, "ನಾ ಮಡಿ" ಅಂದಳು.