ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಸೊಂಟದ ಸುತ್ತಳತೆ ಸರಿಯಾಗಿ ತೆಗೆಯುವುದು ಹೇಗೆ?

ಮುಂಬೈಯ ಕನ್ನಡ ಮಹಿಳಾ ಮಂಡಳಗಳ ಆರೋಗ್ಯ ತಪಾಸಣೆಯಲ್ಲಿ ನಾನು ಮತ್ತೆ ಮತ್ತೆ ನೋಡುವ ತಪ್ಪೆಂದರೆ, ಸೀರೆಯ ಮೇಲಿಂದಲೇ, ಹೊಟ್ಟೆಯನ್ನು ಒಳಗೆಳೆದುಕೊಂಡು, ಲಂಗದ ಲಾಡಿ ಕಟ್ಟುವ ಜಾಗದಲ್ಲಿ ಅಳತೆ ತೆಗೆಯುವುದು. ಹಾಗೆ ಸಿಕ್ಕ ಅಂಕಿಯನ್ನು ನಂಬಿ ನೆಮ್ಮದಿಯಿಂದ ಮನೆಗೆ ಹೋಗುವವರನ್ನು ಕಂಡರೆ ನನಗೆ ಚಿಂತೆಯಾಗುತ್ತದೆ.

ಈಸ್ಟ್ರೋಜನ್ ಸಾಕಷ್ಟಿರುವವರೆಗೆ ಹೆಂಗಸರಲ್ಲಿ ಕೊಬ್ಬು ಹೆಚ್ಚಾಗಿ ತೊಡೆ, ನಿತಂಬಗಳಲ್ಲಿ ಚರ್ಮದ ಕೆಳಗೆ ಕೂಡುತ್ತದೆ. ಮುಟ್ಟು ನಿಲ್ಲುವ ಆಸುಪಾಸಿನಲ್ಲಿ ಈ ಹಾರ್ಮೋನು ಇಳಿದಂತೆ ಕೊಬ್ಬು ಹೊಟ್ಟೆಯೊಳಗೆ, ಕರುಳಿನ ಸುತ್ತ ತುಂಬತೊಡಗುತ್ತದೆ. ಅಲ್ಲಿಂದ ಹೊರಡುವ ಕೊಬ್ಬಿನಾಮ್ಲಗಳು ನೇರವಾಗಿ ಯಕೃತ್ತನ್ನು ಸೇರುವುದರಿಂದ ಇನ್ಸುಲಿನ್‌ನ ಪರಿಣಾಮ ಕುಗ್ಗಿ, ರಕ್ತದಲ್ಲಿ ಸಕ್ಕರೆ ಮತ್ತು ಟ್ರೈಗ್ಲಿಸರೈಡ್ ಎಂಬ ಕೊಬ್ಬು ಏರಬಹುದು. ಇದೇ ಕಾಲದಲ್ಲಿ ಸ್ನಾಯುವೂ ಕರಗುವುದರಿಂದ ತೂಕ ಮಾತ್ರ ಇದ್ದಲ್ಲೇ ಇರುವುದುಂಟು. ತೂಕದ ಯಂತ್ರವೊಂದನ್ನೇ ನೆಚ್ಚಬೇಡಿ.

ಬೆಳಿಗ್ಗೆ ಶೌಚ ಮುಗಿಸಿ, ತಿಂಡಿಗೆ ಮೊದಲು ಅಳೆಯಿರಿ. ಹೊಲಿಗೆ ಪೆಟ್ಟಿಗೆಯಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಟೇಪಾದರೆ ಸ್ಟೀಲ್ ಸ್ಕೇಲಿನ ಪಕ್ಕದಲ್ಲಿಟ್ಟು ನೋಡಿ. ಹಿಗ್ಗಿದ ಟೇಪು ಅಳತೆಯನ್ನು ಕಡಿಮೆ ತೋರಿಸುತ್ತದೆ, ಅದನ್ನು ಬಿಸಾಡಿ.

ಕಷ್ಟವಿರುವುದು ಜಾಗ ಗುರುತಿಸುವುದರಲ್ಲಿ. ಕಂಕುಳಿನಿಂದ ನೇರ ಕೆಳಗೆ ಬೆರಳಿಳಿಸುತ್ತ ಬಂದರೆ ಕೊನೆಯ ಪಕ್ಕೆಲುಬಿನ ಕೆಳಗಂಚು ಸಿಗುತ್ತದೆ. ಅದೇ ಗೆರೆಯಲ್ಲಿ ಇನ್ನೂ ಕೆಳಗೆ ಒತ್ತಿ ನೋಡಿದರೆ ಸೊಂಟದ ಮೂಳೆಯ ಮೇಲಂಚು ತಾಗುತ್ತದೆ. ಇವೆರಡರ ಸರಿಯಾದ ನಡುವೆ, ಎರಡೂ ಪಕ್ಕಗಳಲ್ಲಿ, ಒಂದೊಂದು ಬಿಂದಿ ಅಂಟಿಸಿ. ಹೊಕ್ಕುಳನ್ನು ಗುರುತಾಗಿ ಇಟ್ಟುಕೊಳ್ಳಬೇಡಿ, ಏಕೆಂದರೆ ಹೊಟ್ಟೆ ಜೋತಾಗ ಅದೂ ಕೆಳಗಿಳಿಯುತ್ತದೆ. ಪಾದಗಳನ್ನು ಜೋಡಿಸಿ, ಕೈಗಳನ್ನು ಸಡಿಲ ಬಿಟ್ಟು ನಿಂತು, ಬಿಂದಿಗಳ ಮೇಲೆ ಹಾಯುವಂತೆ ಬರಿಮೈಗೆ ಟೇಪು ಸುತ್ತಿ. ಬೆನ್ನಿನ ಕಡೆ ಟೇಪು ಜಾರುವುದೇ ಹೆಚ್ಚು, ಆದ್ದರಿಂದ ಅದು ನೆಲಕ್ಕೆ ಸಮಾನಾಂತರವಾಗಿದೆಯೇ ಎಂದು ಕನ್ನಡಿಯಲ್ಲಿ ನೋಡಿ, ಇಲ್ಲವೇ ಮಗಳನ್ನೋ ಸೊಸೆಯನ್ನೋ ಕರೆಯಿರಿ. ಟೇಪು ಮೈಗೆ ತಾಗಿರಬೇಕು, ಚರ್ಮದೊಳಗೆ ಹೂಳಬಾರದು. ಎರಡು ಮೂರು ಸಲ ಸಹಜವಾಗಿ ಉಸಿರಾಡಿ, ಉಸಿರು ಹೊರಬಿಟ್ಟ ಕೊನೆಯಲ್ಲಿ ಅಂಕಿ ಓದಿ. ಎರಡು ಬಾರಿ ಅಳೆದು, 1 ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಮತ್ತೆ ಅಳೆಯಿರಿ.

ಭಾರತೀಯ ಹೆಂಗಸರಿಗೆ 80 ಸೆಂಟಿಮೀಟರ್ ಎಚ್ಚರಿಕೆಯ ಗೆರೆ. ಎತ್ತರದ ಅರ್ಧಕ್ಕಿಂತ ಕಡಿಮೆ ಇರುವುದು ಇನ್ನೂ ಒಳ್ಳೆಯದು. 152 ಸೆಂಟಿಮೀಟರ್ ಎತ್ತರದವರಿಗೆ ಅದು 76. ಗೆರೆ ದಾಟಿದ್ದರೆ ರಕ್ತದೊತ್ತಡ ಮತ್ತು ಖಾಲಿಹೊಟ್ಟೆಯ ರಕ್ತಪರೀಕ್ಷೆ ಮಾಡಿಸಿ: ಒತ್ತಡ 130/85 ಅಥವಾ ಮೇಲೆ, ಸಕ್ಕರೆ 100 ಅಥವಾ ಮೇಲೆ, ಟ್ರೈಗ್ಲಿಸರೈಡ್ 150 ಅಥವಾ ಮೇಲೆ, ಎಚ್‌ಡಿಎಲ್ ಎಂಬ ಒಳ್ಳೆಯ ಕೊಲೆಸ್ಟ್ರಾಲ್ 50ಕ್ಕಿಂತ ಕೆಳಗೆ ಇದ್ದರೆ ಕೆಟ್ಟದ್ದೆಂದು ಲೆಕ್ಕ. ಸೊಂಟವೂ ಸೇರಿ ಈ ಐದರಲ್ಲಿ ಮೂರು ಕೆಟ್ಟಿದ್ದರೆ ವೈದ್ಯರು ಅದನ್ನು ಮೆಟಬಾಲಿಕ್ ಸಿಂಡ್ರೋಮ್, ಅಂದರೆ ಮಧುಮೇಹ, ಹೃದ್ರೋಗಗಳಿಗೆ ದಾರಿಮಾಡುವ ದೋಷಗಳ ಗುಂಪು, ಎನ್ನುತ್ತಾರೆ.

ಬೆವರಿಳಿಸುವ ಬೆಲ್ಟಿಗೆ ದುಡ್ಡು ಸುರಿಯಬೇಡಿ, ಅದರಿಂದ ಹೋಗುವುದು ನೀರು ಮಾತ್ರ. ಮಾಟುಂಗಾದ ಫೈವ್ ಗಾರ್ಡನ್ಸ್ ಸುತ್ತ ವಾರಕ್ಕೆ 150 ನಿಮಿಷ ಚುರುಕಾಗಿ ನಡೆದರೂ ಸ್ನಾಯು ಉಳಿಸಲು ಅದಷ್ಟೇ ಸಾಲದು. ವಾರಕ್ಕೆರಡು ದಿನವಾದರೂ ಕುರ್ಚಿಯಿಂದ ಕೈಯೂರದೆ ಎದ್ದು ಕೂರುವುದು, ಗೋಡೆಗೆ ಕೈಯೊತ್ತಿ ದಂಡ ಹೊಡೆಯುವುದು ಬೇಕೇ ಬೇಕು. ಸಂಜೆಯ ಚಹಾದ ಜೊತೆಗಿನ ಬಿಸ್ಕತ್ತು, ಫರ್ಸಾಣ್‌ನಂಥ ಕರಿದ ಕುರುಕಲು ಬಿಟ್ಟು ಮೊಳಕೆ ಕಾಳಿನ ಉಸಳ್ ತಿನ್ನಿ. ಹೊಟ್ಟೆ ಕರಗಲೆಂದೇ ಹಾರ್ಮೋನು ಮಾತ್ರೆ ಕೇಳಬೇಡಿ, ಅದು ಕೊಡುವುದು ಅದಕ್ಕಲ್ಲ.

ಅಳತೆಯನ್ನು ತಿಂಗಳಿಗೊಮ್ಮೆ, ಅದೇ ಟೇಪಿನಿಂದ ತೆಗೆದು ಕ್ಯಾಲೆಂಡರಿನಲ್ಲಿ ಬರೆದಿಡಿ. ವೈದ್ಯರ ಬಳಿ ಹೋಗುವಾಗ ರಕ್ತಪರೀಕ್ಷೆಯ ಕಾಗದದ ಜೊತೆ ಅದನ್ನೂ ಒಯ್ಯಿರಿ.