ಹೆಸರಿಲ್ಲದ ಗುಂಪಿನ ಚರಿತ್ರೆ ಕೂಡಿಸಿದ್ದು

ನಮ್ಮ ಗುಂಪಿಗೆ ಹೆಸರಿಲ್ಲ, ಬೋರ್ಡಿಲ್ಲ, ರಿಜಿಸ್ಟ್ರೇಶನ್ ಇಲ್ಲ. ಕೊಡಗಿನ ಕಿವುಡರಲ್ಲಿ ಗೇ ಮತ್ತು ಲೆಸ್ಬಿಯನ್ ಆಗಿರುವ ಕೆಲವರು ಆಗಾಗ ಒಂದು ಕಡೆ ಸೇರುತ್ತೇವೆ, ಅಷ್ಟೆ. ಮೀಟಿಂಗ್ ಪುಸ್ತಕ ಇಲ್ಲ, ಚಂದಾ ರಸೀದಿ ಇಲ್ಲ. ಗ್ರೂಪ್ ಫೋಟೊ ಅಂತೂ ಯಾರೂ ತೆಗೆಯಲು ಬಿಡುವುದಿಲ್ಲ. ಇಂಥ ಗುಂಪಿನ ಚರಿತ್ರೆ ಹಿಡಿದಿಡುವ ಕೆಲಸ ನನ್ನ ಪಾಲಿಗೆ ಬಂತು. ನಾನು ಕುಶಾಲನಗರದಲ್ಲಿ ಮದುವೆ ವಿಡಿಯೊ ಎಡಿಟ್ ಮಾಡುವವಳು, ಹಾಗಾಗಿ.

ಇದಕ್ಕೆ ಕಾರಣ ಒಬ್ಬ ಹುಡುಗ ಕಳಿಸಿದ ವಿಡಿಯೊ. ಅಮೆರಿಕದಲ್ಲಿ ರೈನ್‌ಬೋ ಅಲಯನ್ಸ್ ಆಫ್ ದಿ ಡೆಫ್ ಅಂತ ಒಂದು ಸಂಸ್ಥೆ ಇದೆ. 1977ರಲ್ಲಿ ಫ್ಲಾರಿಡಾದ ಫೋರ್ಟ್ ಲಾಡರ್‌ಡೇಲ್‌ನಲ್ಲಿ ಕಿವುಡ ಸಲಿಂಗಿಗಳು ಸೇರಿ ಕಟ್ಟಿದ್ದು. ಬೇರೆ ಬೇರೆ ಊರುಗಳಲ್ಲಿ ಶಾಖೆಗಳು, ದೊಡ್ಡ ಸಮ್ಮೇಳನಗಳು, ಎಲ್ಲಾ ಇವೆ. ಹುಡುಗ ವಿಡಿಯೊ ತೋರಿಸಿ ಕೇಳಿದ, "ನಮ್ದು ಯಾವಾಗ ಶುರುವಾಯ್ತು?" ಹಿರಿಯರು ಒಬ್ಬೊಬ್ಬರು ಒಂದೊಂದು ಹೇಳಿದರು. ಜಗಳವೇ ಆಯಿತು.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ನನಗೆ ಮೆದುಳು ಜ್ವರ ಬಂದು ಕಿವಿ ಹೋದಾಗ ನಾನು ಆಗಲೇ ಶಾಲೆಗೆ ಹೋಗುತ್ತಿದ್ದೆ. ಕನ್ನಡ ಓದಲು ಬರೆಯಲು ಬಂದಿತ್ತು. ಹುಟ್ಟಿನಿಂದ ಕೇಳಿಸದ ನನ್ನ ಗೆಳೆಯರಲ್ಲಿ ಎಷ್ಟೋ ಜನಕ್ಕೆ ಒಂದು ಪುಟ ಕನ್ನಡ ಓದುವುದೂ ಕಷ್ಟ. ಅವರ ತಪ್ಪೇನಿಲ್ಲ. ಇಟಲಿಯ ಮಿಲಾನ್‌ನಲ್ಲಿ 1880ರಲ್ಲಿ ಕೇಳಿಸುವ ಮೇಷ್ಟ್ರುಗಳು ಕೂತು, ಕಿವುಡ ಮಕ್ಕಳಿಗೆ ಬಾಯಿಮಾತೇ ಕಲಿಸಬೇಕು, ಸನ್ನೆ ಬೇಡ ಎಂದು ನಿರ್ಣಯ ಮಾಡಿದರು. ಅದರ ಬಿಸಿ ನಮ್ಮ ಕಡೆಯ ಮಕ್ಕಳಿಗೂ ತಟ್ಟಿತು. ಕ್ಲಾಸಿನಲ್ಲಿ ಸನ್ನೆ ಮಾಡಿದ್ದಕ್ಕೆ ಕೈ ಮೇಲೆ ಏಟು ತಿಂದವರು ನಮ್ಮಲ್ಲಿದ್ದಾರೆ. ಹಾಗಾಗಿ ಚರಿತ್ರೆಯನ್ನು ಮೊದಲು ಸನ್ನೆಯಲ್ಲೇ ಹಿಡಿಯಬೇಕು, ಬರವಣಿಗೆ ಆಮೇಲೆ ಎಂದು ತೀರ್ಮಾನ ಮಾಡಿದೆ.

ವರ್ಷ ಗೊತ್ತುಮಾಡಲು ನನಗೆ ಸಿಕ್ಕ ದಾರಿ ಸುಲಭದ್ದು. "ಯಾವ ವರ್ಷ?" ಅಂತ ಕೇಳಲೇ ಇಲ್ಲ. "ಆಗ ನಿನ್ನ ಕೈಯಲ್ಲಿ ಯಾವ ಫೋನಿತ್ತು?" ಅಂತ ಕೇಳಿದೆ. ಕಿವುಡರ ಬದುಕು ಫೋನಿನ ಜೊತೆಗೇ ಬದಲಾಗಿದೆ. ಕೀಪ್ಯಾಡ್ ಸೆಟ್ಟಿನಲ್ಲಿ ಎಸ್‌ಎಂಎಸ್ ಪ್ಯಾಕ್ ಹಾಕಿಸಿ, ಅರ್ಧಂಬರ್ಧ ಇಂಗ್ಲಿಷ್‌ನಲ್ಲಿ ಪ್ರೀತಿ ಮಾಡಿದ ಕಾಲ ಒಂದು. 2011ರ ಸೆಪ್ಟೆಂಬರ್‌ನಲ್ಲಿ ಟೆಲಿಕಾಂ ಕಂಪನಿಗಳನ್ನು ನಿಯಂತ್ರಿಸುವ ಸರ್ಕಾರಿ ಸಂಸ್ಥೆ ಟ್ರಾಯ್ ದಿನಕ್ಕೆ 100 ಎಸ್‌ಎಂಎಸ್ ಮಾತ್ರ ಅಂತ ಮಿತಿ ಹಾಕಿತು. ಜಾಹೀರಾತಿನವರ ಕಾಟ ತಪ್ಪಿಸಲು ಮಾಡಿದ್ದಂತೆ. ಪೆಟ್ಟು ಬಿದ್ದದ್ದು ನಮಗೆ. ನಮ್ಮ ಹಿರಿಯಣ್ಣ ಒಬ್ಬರು ಇದನ್ನು ಕ್ಯಾಮೆರಾ ಮುಂದೆ ಹೇಳುವಾಗ ಕುರ್ಚಿಯಿಂದ ಎದ್ದೇಬಿಟ್ಟರು. ಗೆಳೆಯನ ಜೊತೆ ಜಗಳ ಅರ್ಧಕ್ಕೆ ನಿಂತು, ಸಾರಿ ಕೇಳಲು ನೂರೊಂದನೇ ಮೆಸೇಜ್ ಹೋಗದೆ, ಮಧ್ಯರಾತ್ರಿ ಕಳೆಯುವವರೆಗೆ ಫೋನ್ ಹಿಡಿದು ಕೂತಿದ್ದರಂತೆ!

2016ರಲ್ಲಿ ಜಿಯೊ ಬಂತು. ಡೇಟಾ ಅಗ್ಗವಾಯಿತು. ಅಲ್ಲಿಂದ ವಿಡಿಯೊ ಕಾಲ್, ಅಂದರೆ ನಮ್ಮದೇ ಭಾಷೆಯಲ್ಲಿ ಮಾತು. ಭಾಗಮಂಡಲದ ಕಡೆಯವರು ಮಾತ್ರ ಸಿಗ್ನಲ್ ಹುಡುಕುತ್ತಾ ತೋಟದ ಮೂಲೆಗೆ ಹೋಗಿ ನಿಲ್ಲಬೇಕಿತ್ತು. ಇನ್ನು 2018ರ ಭೂಕುಸಿತ, 2020ರ ಲಾಕ್‌ಡೌನ್. ಈ ಗೂಟಗಳನ್ನು ನೆಟ್ಟ ಮೇಲೆ ಉಳಿದ ನೆನಪುಗಳು ತಾವೇ ಸಾಲಾಗಿ ನಿಂತವು.

ಎಸ್‌ಎಂಎಸ್‌ಗಿಂತ ಮೊದಲು? ಅದಕ್ಕೆ ಎಲ್ಲರೂ ಬೆರಳು ತೋರಿಸಿದ್ದು ಮಡಿಕೇರಿ ದಸರಾ ಕಡೆಗೆ. ವಿಜಯದಶಮಿ ರಾತ್ರಿ ಹತ್ತು ದೇವಸ್ಥಾನಗಳ ದಶಮಂಟಪ, ಅಂದರೆ ಪುರಾಣದ ಕಥೆ ತೋರಿಸುವ ಬೊಂಬೆಗಳ ಮಂಟಪಗಳ ಮೆರವಣಿಗೆ, ಹೊರಡುತ್ತದೆ. ರಾತ್ರಿ ಇಡೀ ಊರಿಗೆ ಊರೇ ರಸ್ತೆಯಲ್ಲಿರುತ್ತದೆ. ಮನೆಯಲ್ಲಿ ನೆಪ ಹೇಳಬೇಕಾಗಿಲ್ಲ. ಕತ್ತಲಾದರೆ ಕಿವುಡರ ಮಾತು ನಿಂತುಹೋಗುತ್ತದೆ, ಆದರೆ ಅವತ್ತು ಬೀದಿ ತುಂಬಾ ದೀಪ. ಮಂಟಪದ ಮೇಲಿನ ಕಥೆ ಅರ್ಥವಾಗಲು ಕಿವಿ ಬೇಕಿಲ್ಲ. ಮಹಿಷ ಬಾಯಿ ತೆರೆದು ಹೊಗೆ ಬಿಟ್ಟರೆ ಮುಗಿಯಿತಲ್ಲ! ಸ್ಪೀಕರ್ ಸದ್ದಿಗೆ ಕೇಳಿಸುವವರು ಒಬ್ಬರ ಮಾತು ಒಬ್ಬರಿಗೆ ಕೇಳದೆ ಪರದಾಡುವಾಗ, ನಾವು ರಸ್ತೆಯ ಈ ಬದಿಯಿಂದ ಆ ಬದಿಗೆ ಆರಾಮಾಗಿ ಹರಟೆ ಹೊಡೆಯುತ್ತೇವೆ. ಮೈಸೂರಿನ ಹಾಸ್ಟೆಲ್‌ನಲ್ಲಿ ಒಟ್ಟಿಗೆ ಓದಿ ಬೇರೆಯಾದವರು ಅಲ್ಲಿ ಮತ್ತೆ ಸಿಕ್ಕರು. ಒಬ್ಬರು ಕೊಡವರು, ಒಬ್ಬರು ಅರೆಭಾಷೆ ಗೌಡರು, ಒಬ್ಬರು ಬ್ಯಾರಿ. ಅವರ ಅಮ್ಮಂದಿರ ಮಾತು ಬೇರೆ ಬೇರೆ, ಇವರ ಕೈ ಭಾಷೆ ಒಂದೇ. ನನ್ನ ಪ್ರಕಾರ ಗುಂಪು ಶುರುವಾದದ್ದು ಅಲ್ಲೇ. ಒಪ್ಪದವರೂ ಇದ್ದಾರೆ, ಅವರ ಮಾತನ್ನೂ ಸೇರಿಸಿದ್ದೇನೆ.

ನಿಜವಾಗಿ ಕಷ್ಟವಾದದ್ದು ಮುಖದ ವಿಷಯ. ಕೇಳಿಸುವವರ ಸಂದರ್ಶನವಾದರೆ ಮುಖ ಮಸುಕು ಮಾಡಿ, ದನಿ ಬದಲಿಸಿದರೆ ಆಯಿತು. ಮಸುಕು ಮಾಡುವುದು ಎಡಿಟಿಂಗ್‌ನಲ್ಲಿ ನನಗೆ ಎರಡು ನಿಮಿಷದ ಕೆಲಸ. ಆದರೆ ಸನ್ನೆ ಭಾಷೆಯಲ್ಲಿ ವ್ಯಾಕರಣದ ಅರ್ಧ ಮುಖದಲ್ಲೇ ಇದೆ. "ನೀನು ಮನೆಗೆ ಹೋಗ್ತೀಯ?" ಮತ್ತು "ನೀನು ಮನೆಗೆ ಹೋಗ್ತೀಯ." ಎರಡಕ್ಕೂ ಕೈ ಒಂದೇ. ಹುಬ್ಬು ಮೇಲೆ ಹೋದರೆ ಪ್ರಶ್ನೆ. ತಲೆ ಅಲ್ಲಾಡಿಸಿದರೆ ಇಲ್ಲ ಎಂದು ಅರ್ಥ. ಮುಖ ಮಸುಕಾದರೆ ಮಾತೇ ಹೋಯಿತು. ಲಾಕ್‌ಡೌನ್‌ನಲ್ಲಿ ಮಾಸ್ಕ್ ಹಾಕಿದಾಗ ಇದನ್ನೇ ಅನುಭವಿಸಿದ್ದೆವು.

ಸರಿ, ಮುಖ ಬಿಟ್ಟು ಬರೀ ಕೈ ತೋರಿಸೋಣ ಅಂದರೆ ಅದೂ ನಡೆಯುವುದಿಲ್ಲ. ಕಿವುಡರಿಗೆ ಕೈ ನೋಡಿದರೇ ಯಾರೆಂದು ಗೊತ್ತಾಗುತ್ತದೆ. ಒಬ್ಬೊಬ್ಬರ ವೇಗ, ಬೆರಳು ಮಡಚುವ ರೀತಿ ಬೇರೆ. ಒಬ್ಬ ಗೆಳೆಯನ ತುಣುಕನ್ನು ಮೊಣಕೈಯಿಂದ ಕೆಳಗೆ ಮಾತ್ರ ಕಾಣುವಂತೆ ಕತ್ತರಿಸಿ, ಗುಂಪಿನಲ್ಲೇ ಇನ್ನೊಬ್ಬಳಿಗೆ ತೋರಿಸಿದೆ. ಅವಳು ನಕ್ಕು ಅವನ ಹೆಸರು ಹೇಳಿದಳು. ಕಿವುಡರ ಲೋಕ ಚಿಕ್ಕದು. ಇವತ್ತು ವಿರಾಜಪೇಟೆಯಲ್ಲಿ ಹೊರಟ ವಿಡಿಯೊ ನಾಳೆ ಕಲಬುರಗಿಯಲ್ಲಿರುತ್ತದೆ.

ಕೊನೆಗೆ ಮಾಡಿದ್ದು ಹೀಗೆ. ಅವರು ಹೇಳಿದ್ದನ್ನು ನಾನು ಪೂರ್ತಿ ನೋಡಿ, ಮನಸ್ಸಿನಲ್ಲಿಟ್ಟುಕೊಂಡು, ನನ್ನ ಕೈಯಲ್ಲಿ, ನನ್ನ ಮುಖದಲ್ಲಿ ಮತ್ತೆ ಹೇಳಿ ರೆಕಾರ್ಡ್ ಮಾಡಿದೆ. ನನ್ನ ಮನೆಯವರಿಗೆ ನನ್ನ ವಿಷಯ ಗೊತ್ತು, ಹಾಗಾಗಿ ನನಗೆ ಕಳೆದುಕೊಳ್ಳುವುದು ಕಡಿಮೆ. ಹೇಳಿದವರು ನನ್ನ ವಿಡಿಯೊ ನೋಡಿ ಒಪ್ಪಿದ ಮೇಲೆ, ಅವರೆದುರೇ ಮೂಲ ಫೈಲ್ ಅಳಿಸಿದೆ. ಸನ್ನೆ ಹೆಸರುಗಳನ್ನೂ ಬದಲಿಸಿದೆ. ನಮ್ಮ ಹೆಸರುಗಳು ಗಲ್ಲದ ಮಚ್ಚೆ, ಹುಬ್ಬಿನ ಗಾಯ, ಗುಂಗುರು ಕೂದಲು ಇಂಥವುಗಳಿಂದ ಬರುತ್ತವೆ. ಹಾಗೇ ಬಿಟ್ಟರೆ ಆಧಾರ್ ಕಾರ್ಡ್ ತೋರಿಸಿದ ಹಾಗೆ. ಹೊಸ ಹೆಸರು ಅವರವರೇ ಆರಿಸಿಕೊಂಡರು. ಹಿರಿಯಣ್ಣ ಸಿನಿಮಾ ಹೀರೊ ಮೀಸೆ ತಿರುವುವ ಸನ್ನೆ ಬೇಕೆಂದರು. ಕೊಟ್ಟೆ.

ಇದನ್ನು ಮಾಡಲು ಹೊರಟವರಿಗೆ ಕೆಲಸದ ಮಾತು ಸ್ವಲ್ಪ. ಗೋಡೆ ಒಂದೇ ಬಣ್ಣದ್ದಿರಲಿ, ಅಂಗಿ ಅದಕ್ಕಿಂತ ಗಾಢವಾಗಿರಲಿ, ಚೌಕಳಿ ಬೇಡ. ಸೊಂಟದಿಂದ ತಲೆ ಮೇಲೆ ಒಂದು ಗೇಣಿನವರೆಗೆ ಫ್ರೇಮ್ ಇರಲಿ. ಇಬ್ಬರು ಮಾತಾಡುವುದಾದರೆ ಎರಡು ಕ್ಯಾಮೆರಾ ಬೇಕೇ ಬೇಕು, ಯಾಕಂದರೆ ಅವರು ನೋಡುವುದು ಒಬ್ಬರನ್ನೊಬ್ಬರು. ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟು ನಂಬಬೇಡಿ, ಚಾರ್ಜ್ ಮಾಡುವ ಎಲ್‌ಇಡಿ ದೀಪ ಜೊತೆಗಿರಲಿ.

ಕಾನೂನಿನ ಭಾಗ ಕೂಡಿಸುವಾಗ ನನಗೆ ಸಿಟ್ಟು ಬಂತು. 2009ರಲ್ಲಿ ದೆಹಲಿ ಹೈಕೋರ್ಟ್ ಸಲಿಂಗ ಸಂಬಂಧ ಅಪರಾಧವಲ್ಲ ಅಂದಿತು. 2013ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ನಮ್ಮ ಗುಂಪಿನಲ್ಲಿ ಯಾರಿಗೂ ಎರಡೂ ಗೊತ್ತಾಗಿರಲಿಲ್ಲ! ಸಿಕ್ಕಿದ್ದೂ ತಿಳಿಯಲಿಲ್ಲ, ಹೋದದ್ದೂ ತಿಳಿಯಲಿಲ್ಲ. ಬೆಂಗಳೂರಿನಲ್ಲಿ ನಮ್ಮಂಥವರ ಗುಡ್ ಆ್ಯಸ್ ಯು ಗುಂಪು 1994ರಿಂದಲೇ ಇತ್ತು, 2008ರಲ್ಲಿ ಪ್ರೈಡ್ ಮೆರವಣಿಗೆ ಶುರುವಾಯಿತು. ಅದೆಲ್ಲಾ ನಮಗೆ ಎಷ್ಟೋ ಕಾಲದ ಮೇಲೆ ತಿಳಿದ ಸುದ್ದಿ. ಟಿವಿಯಲ್ಲಿ ಸನ್ನೆ ಅಪರೂಪ, ಸಹಾಯವಾಣಿ ಅಂದರೆ ಕಿವಿಗೆ ಹಿಡಿಯುವ ಫೋನ್.

2018ರದ್ದು ಬೇರೆ ಕಥೆ. ಆಗಸ್ಟ್ ಮಧ್ಯದಲ್ಲಿ ಗುಡ್ಡಗಳು ಜರಿದವು. ಮೈಕಿನಲ್ಲಿ ಎಚ್ಚರಿಕೆ ಕೂಗಿದರೆ ನಮಗೇನು ಪ್ರಯೋಜನ? ನಮ್ಮ ಹುಡುಗನೊಬ್ಬ ಎಚ್ಚರವಾದದ್ದು ಮಂಚ ನಡುಗಿದಾಗ. ಸೆಪ್ಟೆಂಬರ್ 6ರಂದು ಸಲಿಂಗ ಸಂಬಂಧ ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟಿನ 377ನೇ ಸೆಕ್ಷನ್ ತೀರ್ಪು ಬಂದಾಗ ಅವನು ಪರಿಹಾರ ಕೇಂದ್ರದಲ್ಲಿದ್ದ. ನಾನು ಪತ್ರಿಕೆ ಓದಿ, ತೀರ್ಪನ್ನು ಸನ್ನೆಯಲ್ಲಿ ವಿವರಿಸಿ ವಾಟ್ಸಾಪ್‌ನಲ್ಲಿ ಕಳಿಸಿದೆ. ಅವನ ಮೊದಲ ಪ್ರಶ್ನೆ, "ಹಾಗಾದ್ರೆ ಮದುವೆ ಆಗಬಹುದಾ?" ಇಲ್ಲ, ಪೊಲೀಸರು ಇದಕ್ಕಾಗಿ ಹಿಡಿಯುವ ಹಾಗಿಲ್ಲ, ಅಷ್ಟೆ ಅಂದೆ. "ನನ್ನನ್ನ ಪೊಲೀಸರು ಯಾವತ್ತೂ ಹಿಡಿದಿಲ್ಲ. ನನ್ನ ಅಪ್ಪ ಹಿಡಿದಿರೋದು," ಅಂದ. 2023ರ ಅಕ್ಟೋಬರ್‌ನಲ್ಲಿ ಮದುವೆಯ ಹಕ್ಕು ಕೊಡಲು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಆ ಸುದ್ದಿಯನ್ನೂ ಅವನಿಗೆ ನಾನೇ ಹೇಳಬೇಕಾಯಿತು.

ಹೆಂಗಸರ ಭಾಗ ಇನ್ನೂ ತೆಳ್ಳಗಿದೆ. ಕಿವುಡ ಮಗಳನ್ನು ಒಬ್ಬಳೇ ಬಸ್ ಹತ್ತಿಸಲು ಮನೆಯವರು ಹೆದರುತ್ತಾರೆ. ದಸರಾ ರಾತ್ರಿಗೂ ಅಣ್ಣನೋ ತಮ್ಮನೋ ಜೊತೆಗಿರಬೇಕು. ಆದರೆ ಜೊತೆಯಾಗಿ ಬಾಡಿಗೆ ಮನೆ ಮಾಡಿದ ಇಬ್ಬರು ಅಕ್ಕಂದಿರಿದ್ದಾರೆ. "ಪಾಪ, ಮಾತು ಬರಲ್ಲ, ಒಬ್ರಿಗೊಬ್ರು ಆಸರೆ" ಅಂತ ಮನೆ ಓನರ್ ಬಾಡಿಗೆಯನ್ನೂ ಜಾಸ್ತಿ ಮಾಡಿಲ್ಲವಂತೆ. ಈ ಕನಿಕರ ನಮಗೆಲ್ಲಾ ಮೈ ಉರಿಸುವಂಥದ್ದು. ಇವರಿಬ್ಬರಿಗೆ ಮಾತ್ರ ಅದೇ ಬೇಲಿಯಾಗಿದೆ. ಅವರು ಕಥೆ ಪೂರ್ತಿ ಹೇಳಿದ್ದಾರೆ. ಬದುಕಿರುವಷ್ಟು ದಿನ ಯಾರಿಗೂ ಪೂರ್ತಿ ತೋರಿಸಬಾರದು, ಬಾಡಿಗೆಯ ಮಾತಿನವರೆಗೆ ಬೇಕಾದರೆ ಹೇಳು ಎಂಬ ಷರತ್ತಿನ ಮೇಲೆ.

ಈಗ ಎಲ್ಲವೂ ಎರಡು ಹಾರ್ಡ್ ಡಿಸ್ಕ್‌ಗಳಲ್ಲಿವೆ. ಒಂದು ನನ್ನ ಹತ್ತಿರ, ಇನ್ನೊಂದು ಜಿಲ್ಲೆಯ ಹೊರಗೆ ಒಬ್ಬ ಗೆಳತಿಯ ಹತ್ತಿರ. ನೆಟ್‌ಗೆ ಏನನ್ನೂ ಹಾಕಿಲ್ಲ. ನೋಡಬೇಕೆಂದವರು ಬಂದು, ಫೋನ್ ಹೊರಗಿಟ್ಟು, ಕೂತು ನೋಡಬೇಕು. ಬೇಡವೆನಿಸಿದರೆ ಯಾರು ಬೇಕಾದರೂ ಯಾವಾಗ ಬೇಕಾದರೂ ತಮ್ಮ ಭಾಗ ತೆಗೆಸಬಹುದು. ಈವರೆಗೆ ಒಬ್ಬ ತೆಗೆಸಿದ್ದಾನೆ, ಮದುವೆ ಗೊತ್ತಾಯಿತು ಅಂತ. ಆ ಮದುವೆ ವಿಡಿಯೊ ಎಡಿಟಿಂಗ್ ಕೂಡ ನನಗೇ ಬಂತು.